ಚೀನೀ ದರ್ಬಾರಿನ ಬಟ್ಟೆಗಳು, ವಿಶ್ವವಿದ್ಯಾಲಯದ ಉಗ್ರಾಣ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಚೀನೀ ಕಲೆ ಮತ್ತು ಬಟ್ಟೆಗಳ ಸಂಗ್ರಹ ನೋಡಿಕೊಳ್ಳುತ್ತೇನೆ. ಊರಿಗೆ ಬಂದಾಗ ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಲ್ಲಮ್ಮಾ, ನಿನ್ನ ಕೆಲಸ ನಿಜವಾಗಿ ಏನು?" ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಕ್ಯುರೇಟರ್ ಅಂದ್ರೆ ಗಾಜಿನ ಪೆಟ್ಟಿಗೆ ಕಾಯೋ ಕೆಲಸನಾ?

ನನ್ನ ದಿನದ ಹೆಚ್ಚಿನ ಹೊತ್ತು ಉಗ್ರಾಣದಲ್ಲೇ ಕಳೆಯುತ್ತದೆ. ಒಂದು ಉದ್ದದ ಮೇಜು, ಅದರ ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಒಂದು ನಿಲುವಂಗಿ. ಪಕ್ಕದಲ್ಲಿ ಟಾರ್ಚು, ಭೂತಗನ್ನಡಿ, ಅಳತೆ ಟೇಪು, ಪೆನ್ಸಿಲ್. ಪೆನ್ನು ಒಳಗೆ ತರುವಂತಿಲ್ಲ. ಶಾಯಿಯ ಒಂದು ಚುಕ್ಕೆ ಬಿದ್ದರೆ ಹಳೆ ರೇಷ್ಮೆಯಿಂದ ತೆಗೆಯಲು ಆಗುವುದೇ ಇಲ್ಲ.

ಬಟ್ಟೆಯ ಅಳತೆ ತೆಗೆಯುತ್ತೇನೆ, ಎಲ್ಲಿ ಹರಿದಿದೆ, ಎಲ್ಲಿ ಬಣ್ಣ ಹೋಗಿದೆ ಅಂತ ಬರೆದುಕೊಳ್ಳುತ್ತೇನೆ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ: ಬಂದ ವರ್ಷ, ಆ ವರ್ಷದ ಎಷ್ಟನೇ ಕಂತು, ಆ ಕಂತಿನಲ್ಲಿ ಎಷ್ಟನೆಯದು. ಬಟ್ಟೆಯ ಮೇಲೆ ನೇರವಾಗಿ ಏನೂ ಬರೆಯುವುದಿಲ್ಲ. ಸಣ್ಣ ಹತ್ತಿ ಪಟ್ಟಿಯ ಮೇಲೆ ಬರೆದು, ಒಳಗಡೆ ಅಸ್ತರಿಗೆ ಎರಡೇ ಎರಡು ಹೊಲಿಗೆ ಹಾಕುತ್ತೇವೆ. ಬೇಕೆಂದಾಗ ಬಿಚ್ಚಬಹುದು.

ಇದರ ಜೊತೆಗೆ ಪ್ರದರ್ಶನ ಯೋಜಿಸುವುದು, ಪಾಠ ಮಾಡುವುದು, ದಾನಿಗಳ ಪತ್ರಕ್ಕೆ ಉತ್ತರ ಬರೆಯುವುದು ಇದ್ದೇ ಇದೆ. ಆದರೆ ನನ್ನ ಮನಸ್ಸಿರುವುದು ಆ ಮೇಜಿನ ಮೇಲೆ.

ವಿಶ್ವವಿದ್ಯಾಲಯಕ್ಕೆ ಚೀನಾದ ದರ್ಬಾರಿನ ಬಟ್ಟೆ ಯಾಕೆ ಬೇಕು?

ಇದಕ್ಕೆ ಯುಜೀನ್ ಊರಿನ ಕತೆ ಹೇಳುವುದೇ ಒಳ್ಳೆಯದು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಗರ್ಟ್ರೂಡ್ ಬಾಸ್ ವಾರ್ನರ್ ಎಂಬ ಹೆಣ್ಣುಮಗಳು 20ನೇ ಶತಮಾನದ ಆರಂಭದಲ್ಲಿ ಗಂಡ ಮರ್ರಿ ವಾರ್ನರ್ ಜೊತೆ ಶಾಂಘೈನಲ್ಲಿದ್ದರು. ಅಲ್ಲಿ ಶುರುವಾದ ಸಂಗ್ರಹ ಅದು. 1920ರಲ್ಲಿ ಗಂಡ ತೀರಿಕೊಂಡರು. ಆಮೇಲೆ ಆ ಸಂಗ್ರಹವನ್ನು ಗಂಡನ ಹೆಸರಿನಲ್ಲೇ ಆರೆಗಾನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಮತ್ತೆ ಮತ್ತೆ ಏಷ್ಯಾಕ್ಕೆ ಹೋಗಿ ಕೊಂಡು ತಂದರು. ಅವರು ಕೊಟ್ಟದ್ದು 3 ಸಾವಿರಕ್ಕೂ ಹೆಚ್ಚು ವಸ್ತುಗಳು. ಅದನ್ನೆಲ್ಲ ಇಡುವುದಕ್ಕೆಂದೇ ಕಟ್ಟಿದ ಮ್ಯೂಸಿಯಂ 1933ರಲ್ಲಿ ಬಾಗಿಲು ತೆರೆಯಿತು. ಕಟ್ಟಡದ ನಕ್ಷೆ ಬರೆದವರು ಅಲ್ಲಿಯ ವಾಸ್ತುಶಿಲ್ಪ ವಿಭಾಗದ ಎಲ್ಲಿಸ್ ಲಾರೆನ್ಸ್. ಈಗ ಅದರ ಹೆಸರು ಜೋರ್ಡನ್ ಶ್ನಿಟ್ಜರ್ ಮ್ಯೂಸಿಯಂ ಆಫ್ ಆರ್ಟ್.

ವಾರ್ನರ್ ಅವರ ಉದ್ದೇಶ ಸ್ಪಷ್ಟವಾಗಿತ್ತು. ಅಮೆರಿಕದ ಹುಡುಗ ಹುಡುಗಿಯರು ಏಷ್ಯಾದ ಜನರನ್ನು ಅರ್ಥ ಮಾಡಿಕೊಳ್ಳಬೇಕು. ಚೀನೀಯರು ಅಮೆರಿಕಕ್ಕೆ ಬಾರದಂತೆ 1882ರಲ್ಲಿ ಮಾಡಿದ ಕಾನೂನು ಆಗಿನ್ನೂ ಜಾರಿಯಲ್ಲಿತ್ತು. ಅದು ರದ್ದಾದದ್ದು 1943ರಲ್ಲಿ. ಅಂಥ ಕಾಲದಲ್ಲಿ ಇಂಥ ಮಾತು ಆಡಿದ್ದು ಸಣ್ಣ ವಿಷಯ ಅಲ್ಲ.

ಇಂಗ್ಲೆಂಡಿನಲ್ಲಿ ಡರ್ಹಮ್ ವಿಶ್ವವಿದ್ಯಾಲಯದ ಓರಿಯೆಂಟಲ್ ಮ್ಯೂಸಿಯಂ ಇದೆ, 1960ರಲ್ಲಿ ಶುರುವಾದದ್ದು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮ್ಯೂಸಿಯಂ 1953ರದ್ದು. ಎಲ್ಲದರ ಮೂಲ ಗುಣ ಒಂದೇ: ಇವು ಪಾಠಕ್ಕಾಗಿ ಇರುವ ಸಂಗ್ರಹಗಳು. ದೊಡ್ಡ ಮ್ಯೂಸಿಯಂನಲ್ಲಿ ನಿಮಗೆ ಬಟ್ಟೆಯ ಮುಂಭಾಗ ಮಾತ್ರ ಕಾಣುತ್ತದೆ. ನಮ್ಮಲ್ಲಿಗೆ ಬಂದರೆ ಒಳಭಾಗವನ್ನೂ ನೋಡಬಹುದು. ಹೆಚ್ಚಿನ ಸತ್ಯ ಇರುವುದು ಆ ಒಳಭಾಗದಲ್ಲೇ ಅಂತ ನನ್ನ ನಂಬಿಕೆ.

ಡ್ರ್ಯಾಗನ್ ನಿಲುವಂಗಿಯಲ್ಲಿ ಎಷ್ಟು ಡ್ರ್ಯಾಗನ್ ಇರುತ್ತವೆ? ನಾನು ಎಣಿಸಿದರೆ ಎಂಟೇ ಸಿಕ್ಕಿತು.

ಸರಿಯಾಗೇ ಎಣಿಸಿದ್ದೀರಿ. ಒಂಬತ್ತನೆಯದು ಬಚ್ಚಿಟ್ಟುಕೊಂಡಿದೆ.

ಎದೆಯ ಮೇಲೆ ಒಂದು, ಬೆನ್ನ ಮೇಲೆ ಒಂದು, ಎರಡು ಭುಜಕ್ಕೆ ಎರಡು. ಕೆಳಗೆ ಮುಂದುಗಡೆ ಎರಡು, ಹಿಂದುಗಡೆ ಎರಡು. ಒಟ್ಟು ಎಂಟು. ಈ ನಿಲುವಂಗಿಯ ಮುಂಭಾಗ ಒಂದರ ಮೇಲೊಂದು ಬರುವ ಎರಡು ಪದರ. ಮೇಲಿನ ಪದರ ಬಲಗಡೆಗೆ ಬಂದು ಗುಂಡಿ ಹಾಕಿಕೊಳ್ಳುತ್ತದೆ. ಆ ಪದರ ಎತ್ತಿದರೆ ಒಳಗಿನ ಪದರದ ಮೇಲೆ ಒಂಬತ್ತನೇ ಡ್ರ್ಯಾಗನ್ ಕೂತಿರುತ್ತದೆ. ತೊಟ್ಟವರಿಗೆ ಬಿಟ್ಟರೆ ಇನ್ಯಾರಿಗೂ ಕಾಣದು.

ಲೆಕ್ಕ ಇನ್ನೂ ಮುಗಿದಿಲ್ಲ. ಮುಂದಿನಿಂದ ನೋಡಿದವರಿಗೆ ಎದೆಯದು, ಭುಜದ ಎರಡು, ಕೆಳಗಿನ ಎರಡು, ಒಟ್ಟು ಐದು ಕಾಣುತ್ತವೆ. ಹಿಂದಿನಿಂದ ನೋಡಿದರೂ ಐದೇ. ಒಂಬತ್ತು ಮತ್ತು ಐದು ಚೀನಾದಲ್ಲಿ ಚಕ್ರವರ್ತಿಯ ಪದವಿಗೆ ಸೇರಿದ ಸಂಖ್ಯೆಗಳು. ಹೊಲಿದವರು ಎರಡನ್ನೂ ಒಂದೇ ಬಟ್ಟೆಯಲ್ಲಿ ತಂದಿಟ್ಟಿದ್ದಾರೆ.

ಒಳಗಿನ ಆ ಡ್ರ್ಯಾಗನ್ ಹೊಸದರಂತೆ ಹೊಳೆಯುತ್ತಿರುತ್ತದೆ. ಹೊರಗಿನ ನೀಲಿ ಮಂಕಾಗಿ ಬೂದಿ ಬಣ್ಣಕ್ಕೆ ಹೋಗಿದ್ದರೂ, ಪದರದ ಕೆಳಗೆ ನೀಲಿ ನೀಲಿಯಾಗೇ ಉಳಿದಿರುತ್ತದೆ. ನಿಲುವಂಗಿ ಮೊದಲು ಹೇಗಿತ್ತು ಅಂತ ಗೊತ್ತಾಗುವುದು ಅಲ್ಲೇ. ವಿದ್ಯಾರ್ಥಿಗಳಿಗೆ ಆ ಪದರ ಎತ್ತಿ ತೋರಿಸುವಾಗ ಪ್ರತಿ ಸಲವೂ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ.

ಇನ್ನು ಕತ್ತರಿಕೆ ನೋಡಿ. ತೋಳಿನ ತುದಿ ಕುದುರೆಯ ಗೊರಸಿನ ಆಕಾರದಲ್ಲಿ ಮುಂದಕ್ಕೆ ಬಾಗಿರುತ್ತದೆ. ಗಂಡಸರ ನಿಲುವಂಗಿಗೆ ಮುಂದೆ, ಹಿಂದೆ ಸೀಳು ಇರುತ್ತದೆ, ಕುದುರೆ ಹತ್ತಲು ಅನುಕೂಲಕ್ಕೆ. 1644ರಿಂದ ಚೀನಾ ಆಳಿದ ಚಿಂಗ್ ವಂಶದವರು ಮಂಚೂಗಳು, ಕುದುರೆ ಸವಾರರು. ಅರಮನೆಯಲ್ಲಿ ಕೂತು ತಲೆಮಾರುಗಳು ಕಳೆದರೂ ಆ ನೆನಪನ್ನು ಅಂಗಿಯಲ್ಲಿ ಬಿಡಲಿಲ್ಲ.

ಐದು ಉಗುರು ಇದ್ದರೆ ಅದು ಚಕ್ರವರ್ತಿಯದ್ದೇ ಅಲ್ವಾ?

ಅಲ್ಲ. ಇದು ಮಾರಾಟಗಾರರು ಹೇಳಿ ಹೇಳಿ ಬೆಳೆಸಿದ ನಂಬಿಕೆ. ನಿಯಮದ ಪ್ರಕಾರ ಐದುಗುರಿನ ಡ್ರ್ಯಾಗನ್ ಮೇಲಿನ ದರ್ಜೆಯವರಿಗೆ, ನಾಲ್ಕುಗುರಿನದು ಕೆಳಗಿನವರಿಗೆ. ಆದರೆ 19ನೇ ಶತಮಾನದ ಹೊತ್ತಿಗೆ ಸಣ್ಣ ಅಧಿಕಾರಿಗಳೂ ಐದುಗುರಿನದೇ ತೊಡುತ್ತಿದ್ದರು. ಉಗುರು ಎಣಿಸಿ ತೀರ್ಪು ಕೊಡಲು ಆಗುವುದಿಲ್ಲ.

ನೋಡಬೇಕಾದದ್ದು ಬಣ್ಣ ಮತ್ತು ಹನ್ನೆರಡು ಚಿಹ್ನೆ. ಚಿಯಾನ್‌ಲಾಂಗ್ ಚಕ್ರವರ್ತಿ 1759ರಲ್ಲಿ ದರ್ಬಾರಿನ ಉಡುಪಿಗೆ ಸಚಿತ್ರ ನಿಯಮಗಳನ್ನೇ ಮಾಡಿಸಿದ. 1766ರಲ್ಲಿ ಅದು ಅಚ್ಚಾಯಿತು. ಯಾವ ದರ್ಜೆಗೆ ಯಾವ ಬಣ್ಣ, ಯಾವ ಟೋಪಿ, ಯಾವ ಹಾರ, ಎಲ್ಲ ಅದರಲ್ಲಿದೆ. ಹೊಳೆಯುವ ಹಳದಿ ಚಕ್ರವರ್ತಿಗೆ. ಯುವರಾಜನಿಗೆ ಏಪ್ರಿಕಾಟ್ ಹಣ್ಣಿನ ಹಳದಿ. ಸೂರ್ಯ, ಚಂದ್ರ, ನಕ್ಷತ್ರ, ಬೆಟ್ಟ, ಕೊಡಲಿ, ನೀರುಸಸ್ಯ, ಧಾನ್ಯ ಮುಂತಾದ ಹನ್ನೆರಡು ಚಿಹ್ನೆಗಳೂ ಚಕ್ರವರ್ತಿಯವೇ.

ಹನ್ನೆರಡು ಚಿಹ್ನೆ ಕಂಡ ತಕ್ಷಣ ಖುಷಿಪಡಬೇಡಿ. ಆಮೇಲೆ ಸೇರಿಸಿದ ಉದಾಹರಣೆಗಳಿವೆ. ಅದನ್ನು ಕಂಡುಹಿಡಿಯುವುದಕ್ಕೂ ಹಿಂಭಾಗವೇ ನೋಡಬೇಕು. ಅಸ್ತರಿಯ ಒಂದು ಅಂಚು ಬಿಟ್ಟಿದ್ದರೆ ಒಳಗೆ ಇಣುಕಿ ನೋಡುತ್ತೇನೆ. ಮೂಲ ಕಸೂತಿಯ ದಾರ ಹಿಂದೆ ಹೇಗೆ ಓಡಾಡಿದೆ? ಚಿಹ್ನೆಯ ದಾರ ಅದರ ಕೆಳಗೆ ಹೋಗಿದೆಯಾ, ಮೇಲೆ ಕೂತಿದೆಯಾ? ಧಾರವಾಡದ ಕಸೂತಿ ಹಾಕುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಹಿಂದೆ ಗಂಟು ಕಾಣಬಾರದು. ಸೆರಗನ್ನು ತಿರುಗಿಸಿ ನೋಡಿದರೆ ಕೈ ಎಂಥದ್ದು ಅಂತ ಗೊತ್ತಾಗುತ್ತದೆ.

ಎದೆ ಮೇಲೆ ಚೌಕದಲ್ಲಿ ಹಕ್ಕಿ ಇರುತ್ತಲ್ಲ, ಅದು ಅಲಂಕಾರನಾ?

ಅದು ಹುದ್ದೆಯ ಫಲಕ. 1391ರಲ್ಲಿ ಮಿಂಗ್ ವಂಶದ ಕಾಲದಲ್ಲಿ ಬಂದ ಪದ್ಧತಿ. ಆಡಳಿತದ ಅಧಿಕಾರಿಗಳಿಗೆ ಹಕ್ಕಿ, ಸೈನ್ಯದವರಿಗೆ ಮೃಗ. ಚಿಂಗ್ ಕಾಲದಲ್ಲಿ ಮೊದಲ ದರ್ಜೆಗೆ ಕೊಕ್ಕರೆಯಂತೆ ಕಾಣುವ ಬಿಳಿ ಕ್ರೇನ್, ಮೂರನೆಯದಕ್ಕೆ ನವಿಲು, ಎಂಟನೆಯದಕ್ಕೆ ಲಾವಕ್ಕಿ.

ಮುಂದಿನ ಫಲಕ ಮಧ್ಯದಲ್ಲಿ ಎರಡು ಭಾಗವಾಗಿರುತ್ತದೆ, ಮೇಲಂಗಿ ಅಲ್ಲಿಯೇ ತೆರೆದುಕೊಳ್ಳುವುದರಿಂದ. ಹಿಂದಿನದು ಇಡಿಯಾಗಿರುತ್ತದೆ. ಹೆಂಡತಿಯೂ ಗಂಡನ ದರ್ಜೆಯದೇ ಫಲಕ ತೊಡುತ್ತಿದ್ದಳು, ಆದರೆ ಅವಳ ಹಕ್ಕಿ ಆಚೆ ಕಡೆ ಮುಖ ಮಾಡಿರುತ್ತದೆ. ಇಬ್ಬರೂ ಜೊತೆಯಾಗಿ ಕೂತರೆ ಎರಡು ಹಕ್ಕಿ ಎದುರುಬದುರು ನೋಡಬೇಕು. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಬಿಡಿ ಫಲಕ ಕೈಗೆ ಬಂದಾಗ ಮೊದಲು ಹಕ್ಕಿಯ ಮುಖ ಯಾವ ಕಡೆ ಅಂತ ನೋಡುತ್ತೇನೆ.

ಕೊನೆಯ ಕಾಲದ ಕೆಲವು ಫಲಕಗಳಲ್ಲಿ ಹಕ್ಕಿಯನ್ನು ಬೇರೆ ಮಾಡಿ ಮೇಲೆ ಅಂಟಿಸಿರುತ್ತಾರೆ. ಬಡ್ತಿ ಸಿಕ್ಕರೆ ಹಕ್ಕಿ ಮಾತ್ರ ಬದಲಾಯಿಸಿದರೆ ಆಯಿತು.

ನೇಯ್ದದ್ದೋ, ಕಸೂತಿಯೋ ಹೇಗೆ ಗೊತ್ತಾಗುತ್ತೆ?

ಬೆಳಕಿಗೆ ಹಿಡಿದು ನೋಡಬೇಕು. ಕೆಸಿ ಎಂಬ ನೇಯ್ಗೆ ಇದೆ. ಆ ಹೆಸರಿಗೆ 'ಕತ್ತರಿಸಿದ ರೇಷ್ಮೆ' ಅಂತ ಅರ್ಥ ಹೇಳುತ್ತಾರೆ. ಸಾಮಾನ್ಯ ನೇಯ್ಗೆಯಲ್ಲಿ ಹೊಕ್ಕಿನ ದಾರ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಕೆಸಿಯಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಪುಟ್ಟ ಲಾಳಿ. ಕೆಂಪು ತನ್ನ ಜಾಗದಲ್ಲಿ ಮಾತ್ರ ಹೋಗಿ ಬರುತ್ತದೆ, ನೀಲಿ ತನ್ನ ಜಾಗದಲ್ಲಿ. ಎರಡು ಬಣ್ಣ ಸೇರುವ ಕಡೆ ಸಣ್ಣ ಸೀಳು ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಚಾಕುವಿನಿಂದ ಗೀಚಿದಂತೆ ಕಾಣುತ್ತದೆ. 19ನೇ ಶತಮಾನದ ಕೊನೆಯ ಕೆಸಿಗಳಲ್ಲಿ ಸಣ್ಣ ವಿವರಗಳನ್ನು ನೇಯುವ ಬದಲು ಕುಂಚದಲ್ಲಿ ಬರೆದಿರುತ್ತಾರೆ. ಭೂತಗನ್ನಡಿ ಹಿಡಿದರೆ ಬಣ್ಣ ದಾರದ ಮೇಲೆ ಕೂತದ್ದು ಕಾಣುತ್ತದೆ.

ಚಿನ್ನದ ದಾರ ನಮ್ಮ ಜರಿಯಂತಲ್ಲ. ತೆಳು ಕಾಗದಕ್ಕೆ ಚಿನ್ನದ ರೇಕು ಅಂಟಿಸಿ, ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ರೇಷ್ಮೆ ದಾರದ ಸುತ್ತ ಸುತ್ತುತ್ತಾರೆ. ಸೂಜಿಯಲ್ಲಿ ಪೋಣಿಸಿ ಎಳೆದರೆ ಚಿನ್ನ ಕಿತ್ತು ಬರುತ್ತದೆ. ಅದಕ್ಕೇ ಬಟ್ಟೆಯ ಮೇಲೆ ಜೋಡಿ ಜೋಡಿಯಾಗಿ ಮಲಗಿಸಿ, ಸಣ್ಣ ರೇಷ್ಮೆ ಹೊಲಿಗೆಯಿಂದ ಹಿಡಿದಿಡುತ್ತಾರೆ. ಆ ಸಣ್ಣ ಹೊಲಿಗೆ ಕೆಂಪು ದಾರದ್ದಾದರೆ ಚಿನ್ನಕ್ಕೆ ಬೆಚ್ಚನೆಯ ಬಣ್ಣ ಬರುತ್ತದೆ.

ವಯಸ್ಸು ಹೇಗೆ ಹೇಳ್ತೀರಿ?

ಒಂದೇ ಗುರುತಿನಿಂದ ಹೇಳುವುದಿಲ್ಲ. ನಿಲುವಂಗಿಯ ಕೆಳ ಅಂಚಿನಲ್ಲಿ ಓರೆ ಪಟ್ಟೆಗಳಿರುತ್ತವಲ್ಲ, ಅವು ಸಮುದ್ರದ ನೀರು. ಕಾಲ ಕಳೆದಂತೆ ಆ ಪಟ್ಟೆಗಳು ಎತ್ತರಕ್ಕೆ ಬೆಳೆಯುತ್ತ ಹೋದವು. 18ನೇ ಶತಮಾನದಲ್ಲಿ ಗಿಡ್ಡ, 19ನೆಯದರ ಕೊನೆಗೆ ಉದ್ದ. ಇನ್ನೊಂದು ಬಣ್ಣ. ರಾಸಾಯನಿಕ ಬಣ್ಣ ಹುಟ್ಟಿದ್ದು 1856ರಲ್ಲಿ, ಲಂಡನ್ನಿನಲ್ಲಿ ಪರ್ಕಿನ್ ಎಂಬ ಹುಡುಗನ ಕೈಯಲ್ಲಿ. ಮೂಲ ಕಸೂತಿಯಲ್ಲೇ ಅಂಥ ಕಣ್ಣು ಕುಕ್ಕುವ ನೇರಳೆ ಇದ್ದರೆ ಅದು 1856ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆದರೆ ಆ ನೇರಳೆ ಬರೀ ರಿಪೇರಿಯಲ್ಲಿದ್ದರೆ? ಆಗ ರಿಪೇರಿ ಮಾತ್ರ ಹೊಸದು. ಅದಕ್ಕೇ ಆತುರ ಪಡಬಾರದು.

ನಾಟಕದ ವೇಷದ ಅಂಗಿಗಳೂ ಡ್ರ್ಯಾಗನ್ ನಿಲುವಂಗಿ ಅಂತ ದಾಖಲಾಗಿರುತ್ತವೆ. ಅವುಗಳ ಕಸೂತಿ ದೊಡ್ಡದು, ದೂರದ ಪ್ರೇಕ್ಷಕರಿಗೆ ಕಾಣುವಂತೆ ಮಾಡಿದ್ದು. ತೋಳಿನ ತುದಿಗೆ ಉದ್ದ ಬಿಳಿ ರೇಷ್ಮೆ ಇಳಿಬಿಟ್ಟಿರುತ್ತದೆ. ಹಳೆ ಪಟ್ಟಿಯಲ್ಲಿ 'ರಾಜಪೋಷಾಕು' ಅಂತ ಬರೆದಿದ್ದನ್ನು 'ನಾಟಕದ ಪೋಷಾಕು' ಅಂತ ತಿದ್ದಿದರೆ ಕೆಲವರಿಗೆ ಬೇಜಾರಾಗುತ್ತದೆ. ನನಗೆ ಆಗುವುದಿಲ್ಲ. ರಂಗದ ಮೇಲಿನ ರಾಜನಿಗೂ ಅಷ್ಟೇ ಶ್ರದ್ಧೆಯಿಂದ ಹೊಲಿದಿರುತ್ತಾರೆ.

ಅಷ್ಟೊಂದು ಇಟ್ಟುಕೊಂಡು ಯಾಕೆ ಎಲ್ಲವನ್ನೂ ತೋರಿಸಲ್ಲ?

ತೋರಿಸಿದಷ್ಟೂ ಸವೆಯುತ್ತದೆ, ಅದಕ್ಕೆ. ಬೆಳಕು ರೇಷ್ಮೆಗೆ ಮಾಡುವ ಹಾನಿ ವಾಪಸ್ ಬರುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಕತ್ತಲಲ್ಲಿಟ್ಟರೆ ಮುಂದಿನ ಹಾನಿ ನಿಲ್ಲುತ್ತದೆ, ಆದದ್ದು ಸರಿಯಾಗುವುದಿಲ್ಲ.

ಪ್ರದರ್ಶನದಲ್ಲಿ ಬಟ್ಟೆಗೆ ಬೀಳುವ ಬೆಳಕು 50 ಲಕ್ಸ್ ದಾಟಬಾರದು ಅನ್ನುವುದು ರೂಢಿ. ಲಕ್ಸ್ ಅಂದರೆ ಬೆಳಕಿನ ಅಳತೆ. ಒಳ್ಳೆ ಬೆಳಕಿನ ಕಚೇರಿಯ ಮೇಜಿನ ಮೇಲೆ 500 ಲಕ್ಸ್ ಇರುತ್ತದೆ. ಅಲ್ಲಿ ಒಂದು ಗಂಟೆ ಇಟ್ಟರೆ ಇಲ್ಲಿ ಹತ್ತು ಗಂಟೆ ಇಟ್ಟಷ್ಟು ಖರ್ಚು. ಹಾಗಾಗಿ ಮೂರ್ನಾಲ್ಕು ತಿಂಗಳು ತೋರಿಸಿ, ಆಮೇಲೆ ಕೆಲವು ವರ್ಷ ಕತ್ತಲೆಯಲ್ಲಿ ಇಡುತ್ತೇವೆ. ಕೋಣೆ ಯಾಕೆ ಇಷ್ಟು ಮಬ್ಬು ಅಂತ ಬಂದವರು ಕೇಳುತ್ತಾರೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಉಗ್ರಾಣದಲ್ಲಿ ಹೇಗೆ ಇಡ್ತೀರಿ? ನಮ್ಮ ಮನೆ ರೇಷ್ಮೆ ಸೀರೆಗೂ ಅದೇ ನಡೆಯುತ್ತಾ?

ನಿಲುವಂಗಿಗಳನ್ನು ಅಗಲವಾದ ಪೆಟ್ಟಿಗೆಯಲ್ಲಿ ಮಲಗಿಸುತ್ತೇವೆ. ಆಮ್ಲ ಇಲ್ಲದ ಟಿಶ್ಯೂ ಕಾಗದವನ್ನು ಸುರುಳಿ ಮಾಡಿ ಪ್ರತಿ ಮಡಿಕೆಯ ಒಳಗೆ ಇಡುತ್ತೇವೆ, ಮಡಿಕೆ ಗೆರೆಯಾಗದಂತೆ. ಉದ್ದದ ಬಟ್ಟೆಗಳನ್ನು ದಪ್ಪ ಕೊಳವೆಗೆ ಸುತ್ತುತ್ತೇವೆ. ತೇವಾಂಶ ಶೇಕಡಾ 50ರ ಆಸುಪಾಸು, ಏರಿಳಿತ ಇಲ್ಲದಂತೆ. ಹುಳು ಬಿದ್ದ ಅನುಮಾನ ಬಂದರೆ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕುತ್ತೇವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಪೆಟ್ಟಿಗೆಯಿಂದ ಒಂದು ಹೆಂಗಸರ ಮೇಲಂಗಿಯನ್ನು ಭುಜ ಹಿಡಿದು ಎತ್ತಿದೆ, ಮನೆಯಲ್ಲಿ ಬಟ್ಟೆ ಎತ್ತುವ ಹಾಗೆ. ಕಸೂತಿಯ ಭಾರಕ್ಕೆ ಭುಜದ ರೇಷ್ಮೆ ನಾಲ್ಕು ಸೆಂಟಿಮೀಟರ್ ಸೀಳಿತು. ಸದ್ದು ಕೂಡ ಆಗಲಿಲ್ಲ. ಆ ಸೀಳಿಗೆ ಕೆಳಗಿನಿಂದ ತೆಳು ರೇಷ್ಮೆ ಕೊಟ್ಟು ಹಿಡಿದಿಟ್ಟಿದ್ದಾರೆ, ನೋಡಿದವರಿಗೆ ಕಾಣದು. ನನಗೆ ಕಾಣುತ್ತದೆ. ಅವತ್ತಿನಿಂದ ಯಾವ ಬಟ್ಟೆಯನ್ನೂ ಕೆಳಗೆ ಹಲಗೆಯ ಆಸರೆ ಇಲ್ಲದೆ ಎತ್ತಿಲ್ಲ.

ಮನೆಯ ಸೀರೆಗೆ ಇಷ್ಟು ಮಾಡಿ ಸಾಕು: ಒಗೆದು ಒಣಗಿಸಿದ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಜಾಗದಲ್ಲಿ ಮಡಿಸಿ. ನುಸಿ ಗುಳಿಗೆ ಬಟ್ಟೆಗೂ ಜರಿಗೂ ತಾಗದಿರಲಿ. ನನ್ನನ್ನು ಕೇಳಿದರೆ ಹಾಕದಿರುವುದೇ ವಾಸಿ. ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಡಬೇಡಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಬಹುಪಾಲು ಸರಿಯಾಗೇ ಇತ್ತು.

ಇದೆಲ್ಲ ಲೂಟಿ ಮಾಡಿದ ಮಾಲಲ್ವಾ?

ಕೆಲವು ಹೌದು, ಎಲ್ಲವೂ ಅಲ್ಲ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗ್ ಹೊರವಲಯದ ಯುವಾನ್‌ಮಿಂಗ್‌ಯುವಾನ್ ಬೇಸಿಗೆ ಅರಮನೆಯನ್ನು ಲೂಟಿ ಮಾಡಿತು. ಆಮೇಲೆ ಬ್ರಿಟಿಷರು ಬೆಂಕಿ ಇಟ್ಟರು. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ದೇಶಗಳ ಸೈನ್ಯ ಬೀಜಿಂಗ್ ಹೊಕ್ಕಾಗ ಮತ್ತೆ ಲೂಟಿ ಆಯಿತು.

ಈ ಕತೆಗೂ ಬೆಂಗಳೂರಿಗೂ ನಂಟಿದೆ. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆ ಗೊತ್ತಲ್ಲ? ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ 'ಟಾಕು ಫೋರ್ಟ್ಸ್', 'ಪೆಕಿನ್ 1860', 'ಚೈನಾ 1900' ಇವೆ. ಪೆಕಿನ್ ಅಂದರೆ ಬೀಜಿಂಗ್. ಬ್ರಿಟಿಷರ ಸೈನ್ಯ ಅಂದಾಗ ಅದರಲ್ಲಿ ನಮ್ಮ ಕಡೆಯ ಜನರೂ ಇದ್ದರು. ನಾವು ಬರೀ ನೋಡುಗರಲ್ಲ. ಈ ಪಟ್ಟಿಯನ್ನು ಮೊದಲ ಸಲ ಓದಿದ ದಿನ ಉಗ್ರಾಣಕ್ಕೆ ಹೋಗಲು ಸ್ವಲ್ಪ ಹೊತ್ತು ಕಷ್ಟವಾಯಿತು.

ಇನ್ನೊಂದು ಕಡೆ, 1912ರಲ್ಲಿ ಕೊನೆಯ ಚಕ್ರವರ್ತಿ ಪು ಯಿ ಪದವಿ ಬಿಟ್ಟ ಮೇಲೆ ಮಂಚೂ ಮನೆತನಗಳು ಹೊಟ್ಟೆಪಾಡಿಗಾಗಿ ಪೋಷಾಕು ಮಾರಿದವು. ಆ ನಿಲುವಂಗಿಗಳು ಬೀಜಿಂಗಿನ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ಸಿಗುತ್ತಿದ್ದವು. ರಸೀದಿ ಇದ್ದ ಮಾತ್ರಕ್ಕೆ ಮನಸ್ಸು ಹಗುರಾಗುವುದಿಲ್ಲ. ಹಸಿವಿನಿಂದ ಮಾರಿದವರ ಹೆಸರು ಯಾವ ರಸೀದಿಯಲ್ಲೂ ಇರುವುದಿಲ್ಲ.

ನಮ್ಮ ಕೆಲಸ ದಾಖಲೆ ಪುಸ್ತಕದ ಒಳಭಾಗವನ್ನೂ ತೆರೆದಿಡುವುದು. ಯಾರು ಕೊಟ್ಟರು, ಅವರಿಗೆ ಎಲ್ಲಿಂದ ಬಂತು, ಯಾವ ವರ್ಷಗಳ ಕೊಂಡಿ ಸಿಕ್ಕಿಲ್ಲ. ಖಾಲಿ ಇದ್ದರೆ ಖಾಲಿ ಅಂತಲೇ ಬರೆಯಬೇಕು. 'ಹಳೆಯ ಅಮೆರಿಕನ್ ಸಂಗ್ರಹದಿಂದ' ಎಂಬ ಸಾಲು ಏನನ್ನೂ ಹೇಳುವುದಿಲ್ಲ.

ಹಾಗಾದರೆ ವಾಪಸ್ ಕೊಡಬೇಕಲ್ವಾ?

ಲೂಟಿಯಾದದ್ದು ಎಂದು ಖಚಿತವಾದರೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು. ಅದಕ್ಕಿಂತ ಮುಂಚೆ ಹೋದದ್ದಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಕಾನೂನು ಅಲ್ಲಿ ನಿಂತರೂ ಪ್ರಶ್ನೆ ನಿಲ್ಲುವುದಿಲ್ಲ.

ಬರೀ ಬಟ್ಟೆನಾ? ಬೇರೆ ಏನೂ ಇಲ್ವಾ?

ಪಿಂಗಾಣಿ, ಜೇಡ್ ಕಲ್ಲಿನ ವಸ್ತು, ಕಂಚು, ಸುರುಳಿ ಚಿತ್ರಗಳು ಎಲ್ಲ ಇವೆ. ಪಿಂಗಾಣಿಯಲ್ಲೂ ತಿರುಗಿಸಿ ನೋಡುವುದೇ ಕೆಲಸ. ತಳದಲ್ಲಿ ಚಕ್ರವರ್ತಿಯ ಹೆಸರು ಬರೆದಿರುತ್ತದೆ, ಆದರೆ ಹಿಂದಿನ ಚಕ್ರವರ್ತಿಯ ಹೆಸರನ್ನು ಗೌರವಕ್ಕಾಗಿ ಬರೆಯುವ ರೂಢಿಯೂ ಇತ್ತು. ಉದ್ದ ಸುರುಳಿ ಚಿತ್ರವನ್ನು ಪೂರ್ತಿ ಬಿಚ್ಚಿ ಇಡುವುದಲ್ಲ. ಬಲಗಡೆಯಿಂದ ಒಂದೊಂದು ತೋಳಿನಷ್ಟು ಬಿಚ್ಚುತ್ತ, ನೋಡಿದ್ದನ್ನು ಸುತ್ತುತ್ತ ಹೋಗಬೇಕು.

'ಕ್ವಿಂಗ್' ಅನ್ನಬೇಕಾ, 'ಚಿಂಗ್' ಅನ್ನಬೇಕಾ?

ಚಿಂಗ್. ಚೀನೀ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಈಗಿನ ಪಿನ್‌ಯಿನ್ ಪದ್ಧತಿಯಲ್ಲಿ ಇಂಗ್ಲಿಷಿನ ಕ್ಯೂ ಅಕ್ಷರ ಕಂಡರೆ 'ಚ' ಅಂತ ಓದಿ, ಎಕ್ಸ್ ಕಂಡರೆ 'ಶ' ಅಂತ. ಹಳೆಯ ಪಟ್ಟಿಗಳಲ್ಲಿ ಬೇರೆ ಥರದ ಕಾಗುಣಿತ ಇದೆ. ಒಂದೇ ವಸ್ತು ಎರಡು ಹೆಸರಲ್ಲಿ ಕೂತಿರುತ್ತದೆ, ಹುಡುಕುವಾಗ ಎರಡನ್ನೂ ಹಾಕಿ.

ಕರ್ನಾಟಕದಲ್ಲಿ ಇಂಥ ಬಟ್ಟೆ ನೋಡಲು ಸಿಗುತ್ತಾ?

ಇದಕ್ಕೆ ಹತ್ತಿರದ ಲೋಕವೊಂದು ಬೈಲಕುಪ್ಪೆಯಲ್ಲಿದೆ. ಚೀನಾದ ದರ್ಬಾರು ಟಿಬೆಟ್ಟಿಗೆ ರೇಷ್ಮೆಯನ್ನೂ ನಿಲುವಂಗಿಯನ್ನೂ ಉಡುಗೊರೆಯಾಗಿ ಕಳಿಸುತ್ತಿತ್ತು. ಟಿಬೆಟ್ಟಿನವರು ಅದನ್ನು ಬಿಚ್ಚಿ ತಮ್ಮ ಚುಬಾ ಅಂಗಿಗೆ, ದೇವರ ಮುಂದಿನ ತೆರೆಗೆ, ಮಠದ ಕುಣಿತದ ವೇಷಕ್ಕೆ ಹೊಲಿದುಕೊಂಡರು. ಇವತ್ತು ನಮ್ಮ ಸಂಗ್ರಹಗಳಲ್ಲಿರುವ ಎಷ್ಟೋ ತುಂಡುಗಳು ಟಿಬೆಟ್ಟಿನಲ್ಲಿ ಉಳಿದು ಬಂದಂಥವು. ನಮ್ಡ್ರೋಲಿಂಗ್ ಮಠಕ್ಕೆ ಹೋದರೆ ತಂಕಾ ಚಿತ್ರಗಳ ಸುತ್ತಲಿನ ಬ್ರೊಕೇಡ್ ಗಮನಿಸಿ. ಟಿಬೆಟ್ ಮಠಗಳಿಗೆಂದೇ ಕಾಶಿಯ ಮಗ್ಗಗಳಲ್ಲೂ ಇಂಥ ಬಟ್ಟೆ ನೇಯುತ್ತಾರೆ. ಚೀನಾದ ಮೋಡ, ಕಾಶಿಯ ಮಗ್ಗ, ಮೈಸೂರು ಜಿಲ್ಲೆಯ ಮಠ.

ಈ ಕೆಲಸ ಕಲಿಯಬೇಕು ಅಂದ್ರೆ?

ಮೂರು ದಾರಿ ಇವೆ. ಭಾಷೆಯಿಂದ ಬರುವುದಾದರೆ ಶಾಂತಿನಿಕೇತನದ ಚೀನಾ ಭವನ, 1937ರಿಂದ ಇದೆ. ಮ್ಯೂಸಿಯಂ ಶಾಸ್ತ್ರಕ್ಕೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ. ವಸ್ತುಗಳ ಸಂರಕ್ಷಣೆ ಇಷ್ಟವಾದರೆ ಮೈಸೂರಿನಲ್ಲೇ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. ಎಲ್ಲಿಂದ ಬಂದರೂ ಒಂದು ಮಗ್ಗದ ಮನೆಗೆ ಹೋಗಿ ಒಂದು ವಾರ ಕೂತು ನೋಡಿ. ಹಾಸು ಯಾವುದು, ಹೊಕ್ಕು ಯಾವುದು ಅಂತ ಕೈಗೆ ಗೊತ್ತಾಗಬೇಕು.

ನಾನು ಬಂದರೆ ಒಳಗೆ ತೋರಿಸ್ತೀರಾ?

ತೋರಿಸುತ್ತಾರೆ. ವಿಶ್ವವಿದ್ಯಾಲಯದ ಸಂಗ್ರಹಗಳಲ್ಲಿ ಹೊರಗಿನವರೂ ಕೇಳಬಹುದು, ಪ್ರೊಫೆಸರ್ ಆಗಿರಬೇಕಿಲ್ಲ. ಕೆಲವು ವಾರ ಮುಂಚೆ ಪತ್ರ ಬರೆಯಿರಿ. ಯಾವ ವಸ್ತು ಬೇಕು ಅಂತ ಸಂಖ್ಯೆ ಸಮೇತ ಹೇಳಿ. ಉಂಗುರ, ಬಳೆ, ವಾಚು ತೆಗೆದಿಡಿ. ಉದ್ದ ಸರ ಇದ್ದರೆ ಅದನ್ನೂ. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಬಟ್ಟೆಯನ್ನು ಮುಟ್ಟುವವರು ನಾವು, ನೋಡುವವರು ನೀವು. ಬಲಗಡೆಯ ಪದರ ಎತ್ತಿ ತೋರಿಸಿ ಅಂತ ಕೇಳಿ.